ರಾಣಿ ಚೆನ್ನಮ್ಮನ ಹೆಸರಿನ ರೈಲು ರಾಣಿಯ ಊರಿಗೆ ಬರೋದಿಲ್ಲ: ಕಾಕತಿಯಿಂದ ಬೈಲಹೊಂಗಲದವರೆಗಿನ ಒಂದು ಜೀವನ, ಲೋಂಡಾ ಸುತ್ತುವ ಒಂದು ಗಾಡಿ

ಬೆಂಗಳೂರಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣದಿಂದ ರಾತ್ರಿ ಒಂದು ಗಾಡಿ ಬಿಡುತ್ತದೆ. ಅದರ ಹೆಸರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ತುಮಕೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ ದಾಟಿ ಬೆಳಗಿನ ಹೊತ್ತಿಗೆ ಧಾರವಾಡಕ್ಕೆ ಬರುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ ಕಡೆಯ ಮಂದಿ ಅಲ್ಲೇ ಚೀಲ ಹೆಗಲಿಗೇರಿಸಿ ಇಳಿದು ಬಸ್‌ಸ್ಟ್ಯಾಂಡ್ ದಾರಿ ಹಿಡಿಯುತ್ತಾರೆ. ಗಾಡಿ ಮುಂದೆ ಬೆಳಗಾವಿಗೇ ಹೋಗುತ್ತದೆ, ಆದರೆ ಕಿತ್ತೂರಿನ ಮೇಲೆ ಹಾಯ್ದು ಅಲ್ಲ. ಪಶ್ಚಿಮಕ್ಕೆ ತಿರುಗಿ, ಕಾಡು ಹೊಕ್ಕು, ಅಳ್ನಾವರ, ಲೋಂಡಾ, ಖಾನಾಪುರ ಸುತ್ತಿ ಬೆಳಗಾವಿ ಮುಟ್ಟುತ್ತದೆ.

ರಾಯಣ್ಣನ ಹೆಸರಿನ ನಿಲ್ದಾಣದಿಂದ ಹೊರಟ ಚೆನ್ನಮ್ಮನ ಹೆಸರಿನ ಗಾಡಿಗೆ ಸಂಗೊಳ್ಳಿಯೂ ಇಲ್ಲ, ಕಿತ್ತೂರೂ ಇಲ್ಲ, ಬೈಲಹೊಂಗಲವೂ ಇಲ್ಲ. ರಾಣಿ ಹುಟ್ಟಿದ ಕಾಕತಿಯೂ ಇಲ್ಲ. ಬೆಳಗಾವಿ ದಾಟಿದ ಮೇಲೆ ಹಳಿ ಸಾಂಬ್ರಾ, ಸುಳೇಭಾವಿ ಕಡೆ ಹೊರಳುತ್ತದೆ. ಈ ತಾಲ್ಲೂಕುಗಳಲ್ಲಿ ಇದು ಬಹಳ ಹಳೆಯ ತಮಾಷೆ. ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ಆ ಲೆಕ್ಕ ತಿಳಿಯಬೇಕಂದ್ರೆ ರಾಣಿಯ ಜೀವನ ನಡೆದ ದಾರಿಯನ್ನೇ ಒಮ್ಮೆ ನಡೆದು ನೋಡಬೇಕು.

ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಬೆಳಗಾವಿಗೆ ಹತ್ತಿಕೊಂಡಂತೆಯೇ ಇರುವ ಕಾಕತಿಯಲ್ಲಿ. ತಂದೆ ಧೂಳಪ್ಪ ಗೌಡ ದೇಸಾಯಿ. ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆ ಚಿಕ್ಕಂದಿನಲ್ಲೇ ಕಲಿತಳು. ದೇಸಾಯಿ ಮನೆತನದ ಹೆಣ್ಣುಮಗಳು ಇವನ್ನೆಲ್ಲ ಕಲಿಯೋದು ಆ ಕಾಲಕ್ಕೂ ದಿನಬೆಳಗಾದರೆ ಕಾಣುವ ಸಂಗತಿ ಆಗಿರಲಿಲ್ಲ. ಕಿತ್ತೂರು ಸಂಸ್ಥಾನದ ಮಲ್ಲಸರ್ಜ ದೇಸಾಯಿಗೆ ಆಕೆಯನ್ನು ಕೊಟ್ಟರು. ಮೊದಲ ಹೆಂಡತಿ ರುದ್ರಮ್ಮ ಇದ್ದಳು, ಚೆನ್ನಮ್ಮ ಎರಡನೆಯವಳಾಗಿ ಅರಮನೆಗೆ ಬಂದಳು.

ಕಾಕತಿಯಿಂದ ಬೆಳಗಾವಿ, ಬಾಗೇವಾಡಿ, ಎಂ.ಕೆ. ಹುಬ್ಬಳ್ಳಿ, ಅಲ್ಲಿಂದ ಕಿತ್ತೂರು, ಮುಂದೆ ತೇಗೂರು, ಧಾರವಾಡ. ಇವತ್ತು ಪುಣೆ–ಬೆಂಗಳೂರು ಹೆದ್ದಾರಿ ಓಡುವುದು ಹೆಚ್ಚುಕಡಿಮೆ ಇದೇ ಸಾಲಿನಲ್ಲಿ. ತವರಿನಿಂದ ಗಂಡನ ಮನೆಗೆ, ಗಂಡನ ಮನೆಯಿಂದ ಮುಂದೆ ಕಲೆಕ್ಟರನ ಕಚೇರಿ ಬಂದು ಕೂತ ಧಾರವಾಡಕ್ಕೆ, ಎಲ್ಲವೂ ಒಂದೇ ನೇರ ದಾರಿಯ ಮೇಲಿದ್ದವು. ಚೆನ್ನಮ್ಮನ ಬದುಕಿನ ದೊಡ್ಡ ಘಟನೆಗಳೆಲ್ಲ ಈ ದಾರಿಯಲ್ಲೇ ಬಂದವು, ಒಳ್ಳೆಯವೂ ಕೆಟ್ಟವೂ.

ಮಲ್ಲಸರ್ಜನ ಕಾಲ ಸುಖದ ಕಾಲವೇನೂ ಆಗಿರಲಿಲ್ಲ. ದಕ್ಷಿಣದಲ್ಲಿ ಟಿಪ್ಪು, ಉತ್ತರದಲ್ಲಿ ಪೇಶ್ವೆ, ನಡುವೆ ಕಿತ್ತೂರು. ಮೊದಲು ಟಿಪ್ಪುವಿನ ಸೆರೆ ಕಂಡ ಮಲ್ಲಸರ್ಜ, ಆಮೇಲೆ ಪೇಶ್ವೆಯ ಕೈಗೂ ಸಿಕ್ಕ. ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಒಪ್ಪಿಕೊಂಡು ಸಂಸ್ಥಾನ ಉಳಿಸಿಕೊಂಡ. ಪುಣೆಯಲ್ಲಿ ಬಹಳ ದಿನ ಹಿಡಿದಿಟ್ಟ ಪೇಶ್ವೆ ಬಿಟ್ಟು ಕಳಿಸುವಾಗ ದೇಹ ಸೋತಿತ್ತು. 1816ರಲ್ಲಿ ತೀರಿಕೊಂಡ. ಚೆನ್ನಮ್ಮ ಹೆತ್ತ ಮಗ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಮನೆಯ ಹಿರಿಯಳಾಗಿ, ಸಂಸ್ಥಾನದ ಆಧಾರವಾಗಿ ನಿಂತವಳು ಚೆನ್ನಮ್ಮ.

1818ರಲ್ಲಿ ಪೇಶ್ವೆ ಬಿದ್ದ. ಆ ಹೊತ್ತಿಗೆ ಕಿತ್ತೂರು ಕಂಪನಿ ಸರ್ಕಾರದ ಬದಿಗೆ ನಿಂತಿತ್ತು. ಬೆಳಗಾವಿ ಕೋಟೆ ಹಿಡಿಯುವಾಗ ಇಂಗ್ಲಿಷರಿಗೆ ಕಿತ್ತೂರಿನವರೇ ನೆರವಾದರು. ಇದನ್ನು ಭಾಷಣಗಳಲ್ಲಿ ಹೇಳುವವರು ಕಡಿಮೆ, ಆದರೆ ಹೇಳದೆ ಬಿಟ್ಟರೆ ಮುಂದಿನ ಕಥೆ ಅರ್ಥವಾಗೋದಿಲ್ಲ. ನೆರವು ಕೊಟ್ಟವರಿಗೆ ಆರೇ ವರ್ಷದಲ್ಲಿ ಬಾಗಿಲು ಮುಚ್ಚಿದರು ಅನ್ನೋದೇ ಕಿತ್ತೂರಿನ ಸಿಟ್ಟಿನ ಬೇರು.

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. ಕಾಯಿಲೆ ಬಿದ್ದು, ಸಾಯುವ ಮುಂಚೆ ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡ. 1824ರ ಸೆಪ್ಟೆಂಬರ್‌ನಲ್ಲಿ ಸತ್ತ. ಧಾರವಾಡದಲ್ಲಿ ಕಲೆಕ್ಟರ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ದತ್ತು ಒಪ್ಪೋದಿಲ್ಲ, ಸಂಸ್ಥಾನಕ್ಕೆ ವಾರಸುದಾರ ಇಲ್ಲ ಎಂದು ಖಜಾನೆಗೆ ಮೊಹರು ಹಾಕಿಸಿ ತನ್ನ ಕಾವಲು ಕೂಡಿಸಿದ. ದತ್ತು ಒಪ್ಪದೆ ಸಂಸ್ಥಾನ ನುಂಗುವ ಪದ್ಧತಿಗೆ ಡಾಲ್‌ಹೌಸಿ ಹೆಸರು ಅಂಟಿಕೊಂಡಿದ್ದು ಇದಾದ ಇಪ್ಪತ್ತೈದು ವರ್ಷದ ಮೇಲೆ. ಕಿತ್ತೂರಿಗೆ ಅದು ಮೊದಲೇ ಬಂದಿತ್ತು.

ಚೆನ್ನಮ್ಮ ಮೊದಲು ಕತ್ತಿ ಹಿಡಿಯಲಿಲ್ಲ, ಕಾಗದ ಹಿಡಿದಳು. ಕಲೆಕ್ಟರನಿಗೆ, ಮೇಲಿನ ಕಮಿಷನರ್ ಚಾಪ್ಲಿನ್‌ಗೆ, ಮುಂಬೈ ಗವರ್ನರ್‌ಗೆ ಅರ್ಜಿ ಹೋದವು. ಉಪಯೋಗ ಆಗಲಿಲ್ಲ. ಅಕ್ಟೋಬರ್‌ನಲ್ಲಿ ಥ್ಯಾಕರೆ ತೋಪು, ಸಿಪಾಯಿಗಳನ್ನು ಕಟ್ಟಿಕೊಂಡು ಧಾರವಾಡದಿಂದ ಕಿತ್ತೂರಿಗೇ ಬಂದು ಕೂತ. 1824ರ ಅಕ್ಟೋಬರ್ 23ರಂದು ಬೆಳಿಗ್ಗೆ ಕೋಟೆ ಬಾಗಿಲು ತೆರೆಯಲು ಗಡುವು ಕೊಟ್ಟ. ಗಡುವು ಮುಗಿಯಿತು, ಬಾಗಿಲು ತೆರೆಯಿತು, ಆದರೆ ಒಳಗಿನಿಂದ ಬಂದಿದ್ದು ಕಿತ್ತೂರಿನ ದಂಡು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಜೊತೆ ಬಂದ ಅಧಿಕಾರಿಗಳಲ್ಲಿ ಹಲವರು ಸತ್ತರು. ವಾಲ್ಟರ್ ಎಲಿಯಟ್, ಸ್ಟೀವನ್ಸನ್ ಎಂಬ ಇಬ್ಬರು ಸೆರೆ ಸಿಕ್ಕರು.

ಸೆರೆ ಸಿಕ್ಕವರನ್ನು ರಾಣಿ ಚೆನ್ನಾಗಿ ನೋಡಿಕೊಂಡಳು. ಮಾತುಕತೆಗೆ ಅವರೇ ಆಕೆಯ ಕೈಯಲ್ಲಿದ್ದ ಒತ್ತೆ. ಕಮಿಷನರ್ ಚಾಪ್ಲಿನ್ ಅವರನ್ನು ಬಿಟ್ಟರೆ ಯುದ್ಧ ಮುಂದುವರಿಸೋದಿಲ್ಲ ಎಂಬ ನಂಬಿಕೆ ಹುಟ್ಟಿಸಿದ. ಡಿಸೆಂಬರ್ ಆರಂಭದಲ್ಲಿ ಇಬ್ಬರನ್ನೂ ಬಿಟ್ಟರು. ಬಿಟ್ಟ ಬೆನ್ನಿಗೇ ಕೋಟೆಗೆ ತೋಪು ಬಿದ್ದವು.

ಈ ಒಂದೂವರೆ ತಿಂಗಳಲ್ಲಿ ನಡೆದಿದ್ದು ದಾರಿಯ ಆಟ. ಕಿತ್ತೂರು ಬೆಳಗಾವಿ ಮತ್ತು ಧಾರವಾಡದ ನಡುವೆ ಇತ್ತು. ಇಂಗ್ಲಿಷರ ಪಡೆ ಸುತ್ತಮುತ್ತಲಿಂದೆಲ್ಲ ಬಂತು. ಸೊಲ್ಲಾಪುರದ ಸಬ್ ಕಲೆಕ್ಟರ್, ಸರ್ ಥಾಮಸ್ ಮನ್ರೋನ ಸಂಬಂಧಿಯಾದ ಕಿರಿಯ ಮನ್ರೋ ಕೂಡ ಬಂದ, ಕಿತ್ತೂರಿನಲ್ಲೇ ಸತ್ತ. ತೋಪು ಎಳೆಯುವ ಎತ್ತುಗಳಿಗೆ, ಸಿಪಾಯಿಗಳಿಗೆ, ರಸದ ಗಾಡಿಗಳಿಗೆ ಕಿತ್ತೂರಿನ ನೇರ ದಾರಿ ಸರಿಯಾಗಿಯೇ ಸಿಕ್ಕಿತ್ತು. ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಕೋಟೆ ಬಿತ್ತು. ಒಳಗಿನವರೇ ಮದ್ದಿನಲ್ಲಿ ಸಗಣಿ, ಜೋಳ ಬೆರೆಸಿದರು ಅನ್ನೋದು ಇವತ್ತಿಗೂ ಕಿತ್ತೂರಿನ ಕಟ್ಟೆಗಳ ಮೇಲೆ ನಡೆಯುವ ಮಾತು. ಅದು ನಿಜವೇ ಇರಲಿ, ಅಂದು ತೋಪಿನ ಲೆಕ್ಕ ಕಿತ್ತೂರಿನ ಕಡೆ ಇರಲಿಲ್ಲ ಅನ್ನೋದೂ ನಿಜ. ಖಜಾನೆ, ಆಭರಣ ಲೂಟಿಯಾದವು. ನಗದೇ ಹದಿನೈದು ಲಕ್ಷದ ಮೇಲೆ ಇತ್ತೆಂದು ಹೇಳುತ್ತಾರೆ.

ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಸೆರೆ ಹಿಡಿದು ಬೈಲಹೊಂಗಲದ ಕೋಟೆಗೆ ತಂದರು. ಕಿತ್ತೂರಿನಿಂದ 25 ಕಿ.ಮೀ. ಆಸುಪಾಸು. ಇವತ್ತು ಬಸ್ಸಿನಲ್ಲಿ ಒಂದು ತಾಸೂ ಹಿಡಿಯದ ದಾರಿ, ಆದರೆ ರಾಣಿ ಮತ್ತೆ ಆ ದಾರಿಯಲ್ಲಿ ವಾಪಸ್ ಬರಲಿಲ್ಲ. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇದ್ದಳು. ಪೂಜೆ, ಪುರಾಣ ಕೇಳೋದು, ಹೊರಗಿನ ಸುದ್ದಿಗೆ ಕಾಯೋದು, ಇಷ್ಟರಲ್ಲೇ ದಿನ ಕಳೆದಳೆಂದು ಊರಿನ ಹಿರಿಯರು ಹೇಳುತ್ತ ಬಂದಿದ್ದಾರೆ. 1829ರ ಫೆಬ್ರುವರಿಯಲ್ಲಿ ಸೆರೆಯಲ್ಲೇ ತೀರಿಕೊಂಡಳು. ವಯಸ್ಸು ಐವತ್ತು. ಸಮಾಧಿ ಬೈಲಹೊಂಗಲದಲ್ಲೇ ಇದೆ.

ರಾಣಿ ಕಾಯುತ್ತಿದ್ದ ಸುದ್ದಿ ಆಕೆ ಹೋದ ಮೇಲೆ ಬಂತು. ಸಂಗೊಳ್ಳಿ ರಾಯಣ್ಣ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೆ ಕೂಡಿಸಬೇಕೆಂದು ಹೊರಟ. ಸರ್ಕಾರಿ ಕಚೇರಿ ಸುಟ್ಟ, ಕಂದಾಯದ ದುಡ್ಡು ದೋಚಿದ, ಕಾಡಿನಲ್ಲಿ ಕುಳಿತು ಕಂಪನಿಯನ್ನು ಕುಣಿಸಿದ. 1830ರಲ್ಲಿ ತನ್ನವರ ಮೋಸದಿಂದಲೇ ಸಿಕ್ಕಿಬಿದ್ದ. 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಇಡೀ ಕಥೆಯಲ್ಲಿ ಇವತ್ತಿನ ರೈಲು ಹಳಿಗೆ ಸ್ವಲ್ಪವಾದರೂ ಹತ್ತಿರ ಬರುವ ಜಾಗ ಅಂದರೆ ಈ ನಂದಗಡದ ಕಾಡುಸೀಮೆ ಮಾತ್ರ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ರಾಣಿಯ ಊರು ಬಿಟ್ಟು, ಅವಳಿಗಾಗಿ ಸತ್ತವನ ಊರಿನ ಪಕ್ಕ ಹಾಯ್ದು ಹೋಗುತ್ತದೆ.

ಸಂಸ್ಥಾನ ಹೋದ ಮೇಲೆ ಕಿತ್ತೂರಿಗೆ ಆದದ್ದು ಬರೀ ಲೂಟಿ ಅಲ್ಲ. ಊರಿನ ತೂಕವೇ ಹೋಯಿತು. 1836ರಲ್ಲಿ ಬೆಳಗಾವಿ ಬೇರೆ ಜಿಲ್ಲೆ ಆಯಿತು. ಒಂದು ಕಡೆ ಬೆಳಗಾವಿಯಲ್ಲಿ ಕಲೆಕ್ಟರ್ ಮತ್ತು ದಂಡು, ಇನ್ನೊಂದು ಕಡೆ ಧಾರವಾಡದಲ್ಲಿ ಕಲೆಕ್ಟರ್. ಕಿತ್ತೂರು, ಬೈಲಹೊಂಗಲ ಸೀಮೆ ಸಂಪಗಾವಿ ತಾಲ್ಲೂಕಿನ ಲೆಕ್ಕಕ್ಕೆ ಬಿತ್ತು. ರಾಜಧಾನಿ ಆಗಿದ್ದ ಊರು ಸಂತೆ ಊರಾಯಿತು. ಅರ್ಜಿ ಬರೆಸುವ ರಾಣಿಯೂ ಇಲ್ಲ, ಅರ್ಜಿಗೆ ಹೆದರುವ ಕಲೆಕ್ಟರನೂ ಇಲ್ಲ. ಇದಾಗಿ ಐವತ್ತು-ಅರವತ್ತು ವರ್ಷಕ್ಕೆ ಈ ಭಾಗಕ್ಕೆ ರೈಲಿನ ನಕ್ಷೆ ಬರೆಯುವ ಹೊತ್ತು ಬಂತು.

ಆ ನಕ್ಷೆ ಬರೆಸಿದ್ದು ಪ್ರಯಾಣಿಕರಲ್ಲ, ಬರಗಾಲ ಮತ್ತು ಸರಕು. 1876–78ರ ದೊಡ್ಡ ಬರದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳಿಗೆ ಕಾಳು ತರಲು ಹಳಿಯೇ ಇರಲಿಲ್ಲ. ಎತ್ತಿನ ಗಾಡಿ ಹೂಡೋಣ ಅಂದರೆ ಎತ್ತುಗಳಿಗೇ ಮೇವು, ನೀರಿಲ್ಲ. ಆಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಇನ್ನೊಂದು ಕಡೆ ಪೋರ್ಚುಗೀಸರ ಗೋವಾದಲ್ಲಿ ಮುರ್ಮಗೋವಾ ಬಂದರು ಕಟ್ಟಿ ಅಲ್ಲಿಂದ ಘಟ್ಟ ಹತ್ತಿಸುವ ಹಳಿಯ ಒಪ್ಪಂದ ಆಗಿತ್ತು. ಅದುವರೆಗೆ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಕುಮಟಾಕ್ಕೆ, ಬೆಳಗಾವಿ ಸೀಮೆಯ ಮಾಲು ವೆಂಗುರ್ಲಾಕ್ಕೆ ಇಳಿಯುತ್ತಿತ್ತು. ಬೈಲಹೊಂಗಲದ ಹತ್ತಿ ಪೇಟೆಯವರಿಗೆ ಆ ಹೆಸರುಗಳು ಮನೆಮಾತು.

ಹೀಗೆ ಬಳ್ಳಾರಿ, ಹುಬ್ಬಳ್ಳಿ ಕಡೆಯಿಂದ ಬಂದರಿನ ಕಡೆಗೆ ಒಂದು ಸರಕಿನ ಹಳಿ ಹೊರಟಿತು. ಧಾರವಾಡ, ಅಳ್ನಾವರ, ಲೋಂಡಾ, ಕ್ಯಾಸಲ್‌ರಾಕ್, ಅಲ್ಲಿಂದ ಘಟ್ಟ ಇಳಿದು ಕುಳೆಂ, ಮುರ್ಮಗೋವಾ. ಲೋಂಡಾದಲ್ಲಿ ಅದಕ್ಕೊಂದು ಕವಲು ಕೂಡಿಸಿ ಖಾನಾಪುರ, ಬೆಳಗಾವಿ, ಮೀರಜ್, ಪುಣೆಗೆ ಎಳೆದರು. 1880ರ ದಶಕ ಮುಗಿಯುವಷ್ಟರಲ್ಲಿ ಇಷ್ಟೂ ಕೆಲಸ ಆಗಿತ್ತು. ಲೋಂಡಾದ ಒಂದು ಜಂಕ್ಷನ್‌ನಿಂದ ಎರಡು ಕೆಲಸ ಆಯಿತು. ಬೆಳಗಾವಿಯ ಮಾಲೂ ಬಂದರಿಗೆ ಇಳಿಯಿತು, ಬೆಳಗಾವಿ–ಧಾರವಾಡ ಸಂಪರ್ಕವೂ ಆಯಿತು. ಕಂಪನಿಯ ಲೆಕ್ಕದಲ್ಲಿ ಕಿತ್ತೂರಿನ ಮೇಲೆ ಇನ್ನೊಂದು ಹಳಿ ಹಾಕೋದು ದಂಡದ ಖರ್ಚು. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ಮನುಷ್ಯ ಎಷ್ಟು ಸುತ್ತಿದರೂ ಕಂಪನಿಗೇನು, ಸುತ್ತಿದಷ್ಟೂ ಟಿಕೆಟ್ ದುಡ್ಡು ಹೆಚ್ಚು.

ಆ ಲೆಕ್ಕವನ್ನೇ ಈ ಭಾಗದ ಜನ ಇವತ್ತಿಗೂ ಕಟ್ಟುತ್ತಿದ್ದಾರೆ. ಬೆಳಗಾವಿ–ಧಾರವಾಡ ರಸ್ತೆಯಲ್ಲಿ 80 ಕಿ.ಮೀ. ಒಳಗೇ ಮುಗಿಯುತ್ತದೆ. ಹಳಿಯ ಮೇಲೆ 120 ಕಿ.ಮೀ. ಮೇಲಾಗುತ್ತದೆ. ಬಸ್ಸಿನಲ್ಲಿ ಒಂದೂವರೆ ತಾಸಿನ ಆಸುಪಾಸಿನ ದಾರಿಗೆ ರೈಲು ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಿನ್ನುತ್ತದೆ. ಇದು ಬರೀ ದೂರದ ಮಾತಾಗಿದ್ದರೆ ಮಂದಿ ಹೇಗೋ ಸಹಿಸುತ್ತಿದ್ದರು. ತೊಂದರೆ ಇರೋದು ಆ ಹಳಿಯ ಮೇಲೆ ಇನ್ಯಾರ್ಯಾರು ಓಡುತ್ತಾರೆ ಅನ್ನೋದರಲ್ಲಿ.

ಬಂದರಿನ ಹಳಿ ಹತ್ತಿಗಾಗಿ ಶುರುವಾಯಿತು, ಆಮೇಲೆ ಅದಿರಿನ ಹಳಿ ಆಯಿತು, ಈಗ ಹೆಚ್ಚಾಗಿ ಕಲ್ಲಿದ್ದಲಿನ ಹಳಿ. ಹೊರದೇಶದ ಕಲ್ಲಿದ್ದಲು ಮುರ್ಮಗೋವಾದಲ್ಲಿ ಇಳಿದು, ಘಟ್ಟ ಹತ್ತಿ, ಲೋಂಡಾ, ಧಾರವಾಡ, ಹುಬ್ಬಳ್ಳಿ ಮೇಲೆ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಸುಮಾರು 26 ಕಿ.ಮೀ. ಘಟ್ಟ. ದೂಧಸಾಗರ ಜಲಪಾತದ ಫೋಟೊದಲ್ಲಿ ಕಾಣುವ ಹಳಿ ಅದೇ. ಪ್ರತಿ 37 ಅಡಿಗೆ ಒಂದು ಅಡಿ ಏರು. ಕಾರು, ಲಾರಿಗೆ ಇದು ಏನೂ ಅಲ್ಲ, ಆದರೆ ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಜಾರುತ್ತದೆ. ಅದಕ್ಕೆ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿಗೆ ಮುಂದೆ ಎಳೆಯಲು ಎಂಜಿನ್, ಹಿಂದೆ ದೂಡಲು ಬ್ಯಾಂಕರ್ ಎಂಜಿನ್. ನಡೆದಂತೆ ನಿಧಾನಕ್ಕೆ ಹತ್ತುತ್ತದೆ. ಇಳಿಯುವ ಗಾಡಿಯ ಬ್ರೇಕ್ ಪರೀಕ್ಷೆ ಮಾಡಿಯೇ ಬಿಡಬೇಕು. ಘಟ್ಟದಲ್ಲಿ ಇರೋದು ಒಂದೇ ಹಳಿ.

ಒಂದೇ ಹಳಿ ಅಂದರೆ ಏನು ಅನ್ನೋದು ಅಂಗಡಿಯವರಿಗೆ ಬೇಗ ತಿಳಿಯುತ್ತದೆ. ಬೈಲಹೊಂಗಲ ಪೇಟೆಯ ಒಂದು ಇಕ್ಕಟ್ಟಿನ ಓಣಿ ನೆನೆಸಿಕೊಳ್ಳಿ. ಆ ಕಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಈ ಕಡೆಯ ಬೈಕ್ ಯಾವುದಾದರೂ ಮನೆಯ ಕಟ್ಟೆಗೆ ಸರಿದು ನಿಲ್ಲಬೇಕು. ರೈಲಿಗೆ ಆ ಕಟ್ಟೆಯೇ ನಿಲ್ದಾಣದ ಲೂಪ್ ಲೈನ್. ಎರಡು ನಿಲ್ದಾಣಗಳ ನಡುವಿನ ತುಂಡಿನಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ. ಎದುರು ಗಾಡಿ ಬರುವವರೆಗೆ ಈ ಗಾಡಿ ಲೂಪಿನಲ್ಲಿ ಕಾಯಬೇಕು. ಅದರಲ್ಲೂ ಒಂದು ತೊಡಕು ಇದೆ. ಇವತ್ತಿನ ಗೂಡ್ಸ್ ಗಾಡಿಗೆ 58 ವ್ಯಾಗನ್, ಉದ್ದ ಸುಮಾರು 700 ಮೀಟರ್. ಲೂಪ್ ಅದಕ್ಕಿಂತ ಗಿಡ್ಡ ಇದ್ದರೆ ಗೂಡ್ಸ್ ಅಲ್ಲಿ ಸರಿದು ನಿಲ್ಲಲಾರದು. ಆಗ ಸರಿಯಬೇಕಾದದ್ದು ಪ್ಯಾಸೆಂಜರ್ ಗಾಡಿಯೇ.

ನಿಯಮದಲ್ಲಿ ಪ್ರಯಾಣಿಕರ ಗಾಡಿಗೇ ಮೊದಲ ಮರ್ಯಾದೆ. ಆದರೆ ಗಾಡಿ ತನ್ನ ಹೊತ್ತಿಗೆ ಬಂದರೆ ಮಾತ್ರ ಅದಕ್ಕೆ ಹಳಿ ಖಾಲಿ ಸಿಗುತ್ತದೆ. ಎಲ್ಲೋ ಅರ್ಧ ತಾಸು ತಡವಾಯಿತು ಅನ್ನಿ, ಅಷ್ಟರಲ್ಲಿ ಅದರ ಜಾಗಕ್ಕೆ ಒಂದು ಗೂಡ್ಸ್ ಹೊಕ್ಕಿರುತ್ತದೆ. ಅದನ್ನು ನಡುವೆ ನಿಲ್ಲಿಸಲು ಬರೋದಿಲ್ಲ, ಏರಿನಲ್ಲಿ ನಿಂತರೆ ಮತ್ತೆ ಎಳೆಯೋದೇ ಕಷ್ಟ. ಹೀಗೆ ಅರ್ಧ ತಾಸು ಒಂದು ತಾಸಾಗುತ್ತದೆ. ನಾಗರಗಾಳಿಯಲ್ಲೋ ತಾವರಗಟ್ಟಿಯಲ್ಲೋ ಕಾಡಿನ ನಡುವೆ ಗಾಡಿ ಸುಮ್ಮನೆ ನಿಂತು, ಕಿಟಕಿಯಿಂದ ಉದ್ದನೆಯ ಕಲ್ಲಿದ್ದಲಿನ ವ್ಯಾಗನ್ ಎಣಿಸಿದವರು ಈ ಭಾಗದಲ್ಲಿ ಎಷ್ಟೋ ಮಂದಿ. ಅವರು ಬಯ್ಯೋದು ಡ್ರೈವರ್‌ನನ್ನು. ಡ್ರೈವರ್ ಸಿಗ್ನಲ್ ನೋಡುತ್ತಾನೆ, ಸಿಗ್ನಲ್ ಹಿಂದೆ ಸ್ಟೇಷನ್ ಮಾಸ್ತರ್, ಅವರ ಹಿಂದೆ ಕಂಟ್ರೋಲ್ ರೂಮ್, ಎಲ್ಲರ ಹಿಂದೆ 1880ರ ದಶಕದ ಆ ನಕ್ಷೆ.

ದಾರಿ ಸುಧಾರಿಸಲು ಕೆಲಸ ನಡೆದೇ ಇಲ್ಲ ಅನ್ನೋದು ತಪ್ಪಾಗುತ್ತದೆ. 1990ರ ದಶಕದಲ್ಲಿ ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ ಶುರುವಾದ ಯೋಜನೆಯಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. 2003ರಲ್ಲಿ ಹುಬ್ಬಳ್ಳಿಯಲ್ಲೇ ನೈಋತ್ಯ ರೈಲ್ವೆ ವಲಯ ಆಯಿತು. ಹೊಸಪೇಟೆಯಿಂದ ವಾಸ್ಕೊವರೆಗೆ, ಲೋಂಡಾದಿಂದ ಮೀರಜ್‌ವರೆಗೆ ಜೋಡಿ ಹಳಿಯ ಕೆಲಸ ವರ್ಷಗಳಿಂದ ತುಂಡು ತುಂಡಾಗಿ ನಡೆದು ಬಂದಿದೆ. ಧಾರವಾಡ–ಕಂಬಾರಗಣವಿ ನಡುವಿನ ಏರಿನ ತುಂಡು ಬಹಳ ದಿನ ಎಳೆಯಿತು. ಘಟ್ಟದ ತುಂಡಿಗೆ 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆ ರದ್ದಾಯಿತು. ಆ ಕಾಡು ಕಡಿದು ಕಲ್ಲಿದ್ದಲು ಹೊರಿಸೋದು ಸರಿಯಲ್ಲ ಅನ್ನುವ ಗೋವಾದವರ ಮಾತಿನಲ್ಲೂ ನ್ಯಾಯ ಇದೆ. ಲೋಂಡಾ ಸುತ್ತಿ ಹೋಗುವ ಪ್ರಯಾಣಿಕನಿಗೆ ಮಾತ್ರ ಆ ಜಗಳದಲ್ಲಿ ಪಾಲಿಲ್ಲ, ಫಲಿತಾಂಶದಲ್ಲಿ ಪಾಲಿದೆ.

ವಂದೇ ಭಾರತ್ ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. 2023ರ ಜೂನ್‌ನಲ್ಲಿ ಅದು ಬೆಂಗಳೂರಿನಿಂದ ಧಾರವಾಡದವರೆಗೆ ಬಂತು. ಬೆಳಗಾವಿಗೆ ಬರುವ ಮಾತು ಎರಡು ವರ್ಷ ಎಳೆದು, 2025ರ ಆಗಸ್ಟ್ 10ರಂದು ಬೆಳಗಾವಿಗೆ ಬೇರೆ ಗಾಡಿ ಬಿಟ್ಟರು. ಅಷ್ಟು ಜೋರಿನ ಗಾಡಿಯೂ ಧಾರವಾಡದಿಂದ ಲೋಂಡಾ ಕಡೆಗೇ ತಿರುಗಬೇಕು, ಬೇರೆ ಹಳಿ ಇಲ್ಲವಲ್ಲ.

ಬೇರೆ ಹಳಿಯ ಮಾತು ಬಂದಾಗ ಕಿತ್ತೂರಿನ ಹೆಸರು ಮತ್ತೆ ಬಂತು. ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗ, ಉದ್ದ 73 ಕಿ.ಮೀ., ಅಂದಾಜು ವೆಚ್ಚ 927 ಕೋಟಿ ರೂಪಾಯಿ. ಬೆಳಗಾವಿ ಸಂಸದರಾಗಿದ್ದ ಸುರೇಶ ಅಂಗಡಿ ರೈಲ್ವೆ ರಾಜ್ಯ ಮಂತ್ರಿಯಾದಾಗ ಇದಕ್ಕೆ ಜೀವ ಬಂತು. 2020ರಲ್ಲಿ ಮಂಜೂರಾತಿಯ ಸುದ್ದಿ ಬಂದ ಹೊತ್ತಿಗೇ, ಆ ವರ್ಷದ ಸೆಪ್ಟೆಂಬರ್ 23ರಂದು ಕೊರೊನಾದಿಂದ ಅವರು ತೀರಿಕೊಂಡರು. ಅರ್ಧ ವೆಚ್ಚ ಮತ್ತು ಜಮೀನು ರಾಜ್ಯದ್ದು ಎಂಬ ಮಾತಾಗಿತ್ತು. ಕ್ಯಾರಕೊಪ್ಪದ ಬಳಿ ಹಳೆ ಹಳಿ ಬಿಟ್ಟು ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಬಾಗೇವಾಡಿ ಕಡೆಯಿಂದ ಹೋಗಿ ದೇಸೂರಿನಲ್ಲಿ ಮತ್ತೆ ಕೂಡುವ ದಾರಿ. ಅಂದರೆ ಚೆನ್ನಮ್ಮ ತವರಿನಿಂದ ಗಂಡನ ಮನೆಗೆ ಬಂದ ಸಾಲು, ಥ್ಯಾಕರೆಯ ತೋಪು ಬಂದ ಸಾಲು. ಇದಾದರೆ ಬಂದರಿನ ಗೂಡ್ಸ್ ಲೋಂಡಾ ಕಡೆ ತನ್ನ ಪಾಡಿಗೆ ಓಡುತ್ತದೆ, ಬೆಳಗಾವಿ–ಹುಬ್ಬಳ್ಳಿ ಪ್ರಯಾಣಿಕರ ಗಾಡಿ ಕಿತ್ತೂರಿನ ಮೇಲೆ ಓಡುತ್ತದೆ. ಇಬ್ಬರಿಗೂ ದಾರಿ ಸಡಿಲವಾಗುತ್ತದೆ.

ಬೆಳಗಾವಿ ಹತ್ತಿರದ ಕೆಲ ಊರುಗಳ ರೈತರು ಮಾತ್ರ ಫಲವತ್ತಾದ ಭೂಮಿ ಹೋಗುತ್ತದೆ, ದಾರಿ ಬದಲಿಸಿ ಎಂದು ಎದ್ದು ನಿಂತರು. ಅವರ ಸಂಕಟವನ್ನು ಕಿತ್ತೂರಿನವರು ಹಗುರ ಮಾಡುವಂತಿಲ್ಲ, ಕೇಳದೆ ಕಿತ್ತುಕೊಳ್ಳೋದು ಏನೆಂದು ಕಿತ್ತೂರಿಗಿಂತ ಚೆನ್ನಾಗಿ ಗೊತ್ತಿರುವ ಊರು ಯಾವುದಿದೆ? ಜಮೀನಿನ ಫೈಲು ನಿಧಾನಕ್ಕೆ ಸಾಗಿತು, ವರ್ಷಗಳು ಹೋದವು.

ಸವದತ್ತಿ, ರಾಮದುರ್ಗದವರ ಪಾಡು ಇದಕ್ಕಿಂತ ಒಂದು ಹೆಜ್ಜೆ ಹಿಂದೆ. ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಗೆ ಲಕ್ಷಗಟ್ಟಲೆ ಮಂದಿ ಬಂದರೂ ರೈಲಿನವರು ಧಾರವಾಡದಲ್ಲೋ ಹುಬ್ಬಳ್ಳಿಯಲ್ಲೋ ಇಳಿದೇ ಬರಬೇಕು. ಬಾಗಲಕೋಟೆ–ಕುಡಚಿ ಮಾರ್ಗ ಲೋಕಾಪುರದತ್ತ ಸಾಗಿದ ಮೇಲೆ, ಅಲ್ಲಿಂದ ರಾಮದುರ್ಗ, ಸವದತ್ತಿ ಮೇಲೆ ಧಾರವಾಡಕ್ಕೆ ಕೂಡಿಸಿ ಎಂಬ ಕೂಗು ಜೋರಾಗಿದೆ. ಮನವಿ ಕೊಡೋದು, ಧರಣಿ ಕೂಡೋದು ನಡೆದೇ ಇದೆ. ರಾಮದುರ್ಗದ ನೇಕಾರನ ಸೀರೆ ಗಂಟು ಇವತ್ತಿಗೂ ಲಾರಿ, ಬಸ್ಸಿನ ಮೇಲೆಯೇ ಹೋಗುತ್ತದೆ.

ಅತ್ತ ರಾಣಿಯ ಹೆಸರು ಮಾತ್ರ ದೇಶದ ತುಂಬ ಓಡಾಡಿತು. 1961ರಲ್ಲಿ ಬಿ.ಆರ್. ಪಂತುಲು ಸಿನಿಮಾ ಮಾಡಿದರು, ಬಿ. ಸರೋಜಾದೇವಿ ರಾಣಿಯಾದರು. 1977ರಲ್ಲಿ ಅಂಚೆ ಚೀಟಿ ಬಂತು. ಕರಾವಳಿ ಕಾವಲು ಪಡೆಯ ಒಂದು ಹಡಗಿಗೆ ಕಿತ್ತೂರು ಚೆನ್ನಮ್ಮ ಎಂದೇ ಹೆಸರಿಟ್ಟರು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಪ್ರತಿಮೆ ನಿಂತಿತು, ರಾಷ್ಟ್ರಪತಿ ಪ್ರತಿಭಾ ಪಾಟೀಲ ಅನಾವರಣ ಮಾಡಿದರು. 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರು ಬಂತು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಗೊತ್ತಿಲ್ಲದವರು ಈ ಭಾಗದಲ್ಲಿ ಯಾರೂ ಇಲ್ಲ. ಅಂಚೆಯಲ್ಲಿ, ಸಮುದ್ರದಲ್ಲಿ, ಹಳಿಯ ಮೇಲೆ ಎಲ್ಲ ಕಡೆ ಹೆಸರು ಇದೆ.

ಅಕ್ಟೋಬರ್ 23ರ ಕಿತ್ತೂರು ಉತ್ಸವಕ್ಕೆ ಬೆಂಗಳೂರಿನಿಂದ ಬರುವವರು ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿಗೆ ಧಾರವಾಡದವರೆಗೆ ಟಿಕೆಟ್ ಮಾಡಿಸುತ್ತಾರೆ, ಅಲ್ಲಿಂದ ಬೆಳಗಾವಿ ಬಸ್ ಹಿಡಿದು ಕಿತ್ತೂರು ಕ್ರಾಸ್‌ನಲ್ಲಿ ಇಳಿಯುತ್ತಾರೆ. ಗೊತ್ತಿಲ್ಲದ ಕೆಲವರು ಬೆಳಗಾವಿಗೇ ಮಾಡಿಸಿಬಿಡುತ್ತಾರೆ. ಅಂಥವರು ಅಳ್ನಾವರ ದಾಟಿ, ಲೋಂಡಾ ನೋಡಿ, ಗೂಡ್ಸ್ ಬಂದರೆ ಅದಕ್ಕೂ ದಾರಿ ಬಿಟ್ಟು ಬೆಳಗಾವಿಯಲ್ಲಿ ಇಳಿದು, ಬಂದ ದಿಕ್ಕಿಗೇ ತಿರುಗಿ ಬಸ್ಸಿನಲ್ಲಿ ಮತ್ತೆ 50 ಕಿ.ಮೀ. ಬರುತ್ತಾರೆ. ಅಷ್ಟರಲ್ಲಿ ಮೆರವಣಿಗೆ ಕೋಟೆಯ ಹತ್ತಿರ ಹೋಗಿರುತ್ತದೆ.